ಹೊಡಿ ಎಂದರೆ ತಿರುಗಿಸು

ಮುನಿರಾಜು ಬೈಯದ ದಿನ ಕಾರೇ ಸ್ಟಾರ್ಟ್ ಆಗುವುದಿಲ್ಲ ಎಂದು ಅವನ ಹೆಂಡತಿ ಲತಾ ಎಲ್ಲರ ಮುಂದೆ ಹೇಳುತ್ತಿದ್ದಳು. ಸುಳ್ಳೇನಲ್ಲ. ಬೆಳಗ್ಗೆ ಆರಕ್ಕೆ ವಿಜಯನಗರದ ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ಅವನು ಕಾರಿನ ಬಾಗಿಲು ತೆಗೆದನೆಂದರೆ, ಅಡ್ಡ ನಿಲ್ಲಿಸಿದ ಹಾಲಿನ ಗಾಡಿಯವನಿಂದ ಶುರುವಾದ ಬೈಗುಳ ಮಧ್ಯಾಹ್ನ ಊಟಕ್ಕೆ ಕೂತು ಸಾರಿಗೆ ಉಪ್ಪು ಜಾಸ್ತಿಯಾಯಿತು ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ನಡುವೆ ಸಿಕ್ಕವರೆಲ್ಲ ಅವನ ಹತ್ತಿರ ಡ್ರೈವಿಂಗ್ ಕಲಿಯಲು ಬಂದವರು.

"ಗೇರು ಮುದ್ದೆ ಕೋಲಲ್ಲ ಕಣೋ, ಹಂಗೆ ತಿರುವಬೇಡ!" ಎಂದು ಒಬ್ಬನಿಗೆ. "ಕನ್ನಡಿ ಇರೋದು ಕ್ರಾಪ್ ನೋಡ್ಕೊಳ್ಳಕ್ಕಾ? ಹಿಂದೆ ಬರೋ ಲಾರಿಯವನೇನು ನಿಮ್ಮ ಮಾವನಾ, ತಾನಾಗೇ ನಿಲ್ಲಕ್ಕೆ?" ಎಂದು ಇನ್ನೊಬ್ಬನಿಗೆ. ಒಂದು ಸಲ ಬ್ಯಾಂಕಿನ ಮ್ಯಾನೇಜರಮ್ಮ ಒಬ್ಬರು ಅಳುತ್ತಾ ಇಳಿದು ಆಟೋ ಹಿಡಿದು ಮನೆಗೆ ಹೋಗಿದ್ದರು. ಮಾರನೆಯ ದಿನ ಆರಕ್ಕೆ ಅವರೇ ಬಂದು ಬಾಗಿಲ ಹತ್ತಿರ ನಿಂತಿದ್ದರು. ಮುನಿರಾಜು ಕಲಿಸಿದವರು ಗಾಡಿಯನ್ನು ಎಲ್ಲಿಯೂ ತಗುಲಿಸುವುದಿಲ್ಲ ಎಂಬ ಮಾತು ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿತ್ತು. ಅದಕ್ಕಾಗಿ ಜನ ಬೈಸಿಕೊಳ್ಳುತ್ತಿದ್ದರು.

ಅವನು ಹುಟ್ಟಿದ್ದು ಕುರುಬರಹಳ್ಳಿಯಲ್ಲಿ. ಅಪ್ಪ ಮುನಿವೆಂಕಟಪ್ಪ ಸೊಪ್ಪು ಬೆಳೆದು, ತಲೆಯ ಮೇಲೆ ಹೊತ್ತು, ರಾಜಾಜಿನಗರದ ಬ್ಲಾಕು ಬ್ಲಾಕು ಸುತ್ತಿ ಮಾರುತ್ತಿದ್ದವನು. ಆ ಸೊಪ್ಪಿನ ಮಡಿಗಳ ಮೇಲೆ ಈಗ ಮೂರು ಮಹಡಿಯ ಮನೆಗಳು ನಿಂತಿವೆ, ಒಂದೂ ಇವನದ್ದಲ್ಲ. ಏಳನೇ ಕ್ಲಾಸಿನಲ್ಲಿ ಮಾಡದ ತಪ್ಪಿಗೆ ಮೇಷ್ಟ್ರು ಬಾರಿಸಿದರೆಂದು ಬ್ಯಾಗನ್ನು ಕಿಟಕಿಯಿಂದಾಚೆ ಎಸೆದು, ಅದರ ಹಿಂದೆ ತಾನೂ ಹಾರಿಕೊಂಡವನು ಮತ್ತೆ ಸ್ಕೂಲಿನ ಕಡೆ ತಿರುಗಿ ನೋಡಲಿಲ್ಲ. ಮರಳು ಲಾರಿಯಲ್ಲಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ.

ಲಾರಿ ಬಿಡುವುದಕ್ಕೆ ಒಂದು ಕಾರಣವಿತ್ತು. ಕೆಂಗೇರಿಯ ಹತ್ತಿರ ಒಂದು ಸಂಜೆ ಅವನ ಕಣ್ಣೆದುರಿಗೇ ಒಬ್ಬ ಹುಡುಗ ಹೊಸ ಕಾರನ್ನು ಡಿವೈಡರ್ ಮೇಲೆ ಹತ್ತಿಸಿ ಮಗುಚಿಕೊಂಡ. ಇವನೇ ಬಾಗಿಲು ಮುರಿದು ಎಳೆದ. ಹುಡುಗ ಬದುಕಲಿಲ್ಲ. ಜೇಬಿನಲ್ಲಿ ಲೈಸೆನ್ಸ್ ಇತ್ತು. ಹತ್ತು ದಿನದ ಹಿಂದಿನದು, ಪ್ಲಾಸ್ಟಿಕ್ಕಿನ ಹೊಳಪು ಕೂಡ ಹೋಗಿರಲಿಲ್ಲ. "ಇದನ್ನ ಕೊಟ್ಟೋನು ಯಾವನು?" ಎಂದು ಮುನಿರಾಜು ನಡುರಸ್ತೆಯಲ್ಲಿ ನಿಂತು ಕೂಗಿದ್ದ. ಆ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಕೂತಿತು. ಮಾರನೆಯ ವರ್ಷ ಒಂದು ಹಳೆಯ ಬಿಳಿ ಕಾರು ಕೊಂಡು, ಪಕ್ಕದ ಸೀಟಿಗೂ ಒಂದು ಬ್ರೇಕು ಹಾಕಿಸಿ, ತಾಯಿ ಅಂಜನಮ್ಮನ ಹೆಸರಿನಲ್ಲಿ ಡ್ರೈವಿಂಗ್ ಸ್ಕೂಲಿನ ಬೋರ್ಡು ಬರೆಸಿದ.

ಇಪ್ಪತ್ತು ವರ್ಷದಲ್ಲಿ ಅವನಿಗೆ ಅರ್ಥವಾದ ಸಂಗತಿ ಒಂದೇ: ಗಾಡಿ ಓಡಿಸುವುದಕ್ಕೂ ಟೆಸ್ಟ್ ಪಾಸು ಮಾಡುವುದಕ್ಕೂ ಸಂಬಂಧವಿಲ್ಲ. ಟೆಸ್ಟ್ ಟ್ರ್ಯಾಕಿನಲ್ಲಿ ನಾಲ್ಕು ಕಂಬ, ಒಂದು ದಿಣ್ಣೆ, ಹಿಮ್ಮುಖವಾಗಿ ಗಾಡಿ ನುಗ್ಗಿಸಬೇಕಾದ ಒಂದು ಖಾನೆ. ಉಳಿದ ಸ್ಕೂಲಿನವರು ಅದಕ್ಕೆ ಗುರುತಿನ ಪಾಠ ಮಾಡಿಕೊಂಡಿದ್ದರು. ಹಿಂದಿನ ಕಿಟಕಿಯ ಮೂಲೆಗೆ ಎರಡನೇ ಕಂಬ ಬಂದಾಗ ಸ್ಟೇರಿಂಗ್ ಒಂದೂವರೆ ಸುತ್ತು. ಬಾಗಿಲ ಹಿಡಿಗೆ ಬಿಳಿ ಗೆರೆ ಬಂದಾಗ ವಾಪಸ್. ಕಣ್ಣು ಕಟ್ಟಿ ಬಿಟ್ಟರೂ ಪಾಸಾಗುತ್ತಿದ್ದರು. ಕಂಬ ಇಲ್ಲದ ರಸ್ತೆಗೆ ಬಂದರೆ ಕಣ್ಣು ಬಿಟ್ಟೂ ಕುರುಡರು.

ಬಸವೇಶ್ವರನಗರದ ಅರುಣ್ ಕುಮಾರ್ ಎಂಬ ಹುಡುಗ ಬಂದ ಮೊದಲ ದಿನವೇ ಹೇಳಿದ್ದ: "ಅಣ್ಣ, ನಂಗೆ ಡ್ರೈವಿಂಗ್ ಎಲ್ಲ ಬೇಡ. ಲೈಸೆನ್ಸ್ ಸಾಕು. ಆಮೇಲೆ ಹೆಂಗೋ ಕಲ್ತ್ಕೋತೀನಿ."

"ಎಲ್ಲೋ ಕಲಿತೀಯಾ ಆಮೇಲೆ? ಜನದ ಮೇಲಾ?" ಎಂದು ಮುನಿರಾಜು ಅವನನ್ನು ಓಡಿಸಲು ನೋಡಿದ. ಲತಾ ಅಡ್ಡ ಬಂದಳು. "ರೀ, ಅವ್ನು ಇಲ್ಲಿಂದ ಹೋದ್ರೆ ಪಕ್ಕದ ಸ್ಕೂಲಿಗೆ ಹೋಗ್ತಾನೆ. ಇಲ್ಲೇ ಇದ್ರೆ ಬೈಗುಳನಾದ್ರೂ ಕಲಿತಾನೆ." ಅರುಣ ಉಳಿದುಕೊಂಡ. ಗುರುತಿನ ಪಾಠವನ್ನು ಮೊಬೈಲಿನಲ್ಲಿ ನೋಡಿ ತಾನೇ ಬಾಯಿಪಾಠ ಮಾಡಿಕೊಂಡ.

ಅದೇ ವಾರ ಕಲಾವತಿ ಬಂದಳು. ಇಪ್ಪತ್ತೊಂದು ವರ್ಷ. ಕೊಪ್ಪಳದ ಕಡೆಯವಳು. ಅಪ್ಪ ಭರಮಪ್ಪ ಅನ್ನಪೂರ್ಣೇಶ್ವರಿ ನಗರದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್. ಮನೆಮಂದಿಯೆಲ್ಲ ಅದರ ಪಕ್ಕದ ತಗಡಿನ ಕೋಣೆಯಲ್ಲಿದ್ದರು. ಕಲಾವತಿ ಮಾಗಡಿ ರಸ್ತೆಯ ಒಂದು ಪಾರ್ಸೆಲ್ ಗೋಡೌನಿನಲ್ಲಿ ದಿನವಿಡೀ ನಿಂತು ಡಬ್ಬ ವಿಂಗಡಿಸುತ್ತಿದ್ದಳು. ಅಲ್ಲಿ ಹೊಸದಾಗಿ ಹೆಣ್ಣುಮಕ್ಕಳಿಗೂ ಸಣ್ಣ ವ್ಯಾನು ಕೊಡುತ್ತಾರಂತೆ. ಬರುವ ತಿಂಗಳ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಟೆಸ್ಟ್ ಪಾಸಾದ ಕಾಗದ ತಂದು ತೋರಿಸಿದವರ ಹೆಸರು ಪಟ್ಟಿಗೆ. ಉಳಿದವರು ಡಬ್ಬ ವಿಂಗಡಿಸುತ್ತಾ ಇರಬಹುದು.

"ಗಾಡಿ ಯಾವತ್ತಾದ್ರೂ ಮುಟ್ಟಿದ್ದೀಯೇನಮ್ಮ?" ಎಂದು ಮುನಿರಾಜು ಕೇಳಿದ.

"ಊರಾಗ ಟ್ರ್ಯಾಕ್ಟರ್ ಹೊಡೀತಿದ್ದೆನ್ರಿ ಸರ."

"ಯಾಕಮ್ಮ ಹೊಡೀತಿದ್ದೆ? ಮಾತು ಕೇಳ್ತಿರ್ಲಿಲ್ವಾ ಅದು?"

ಲತಾ ಮೇಜಿನ ಹಿಂದೆ ನಕ್ಕಳು. ಕಲಾವತಿ ನಗಲಿಲ್ಲ. ತನ್ನ ಮಾತಿನಲ್ಲಿ ನಗುವಂಥದ್ದೇನಿತ್ತು ಎಂದು ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಮೊದಲ ಪಾಠದಲ್ಲಿ, ನಾಗರಭಾವಿ ಸರ್ಕಲ್ಲಿನಲ್ಲಿ. ಗೇರು, ಕ್ಲಚ್ಚು ಎಲ್ಲ ಅವಳ ಕೈಕಾಲಿಗೆ ಮೊದಲೇ ಗೊತ್ತಿದ್ದವು. ಮುನಿರಾಜುವಿಗೆ ಬೈಯಲು ಏನೂ ಸಿಗದೆ ಬಾಯಿ ತುರಿಸುತ್ತಿತ್ತು. ಸರ್ಕಲ್ ಬಂತು. "ಎಡಕ್ಕೆ ಹೊಡಿ" ಎಂದ. ಅವಳು ಎಡಕ್ಕೆ ಸ್ವಲ್ಪ ತಿರುಗಿಸಿದಳು. ಸಾಲದಾಯಿತು. "ಹೊಡಿ, ಹೊಡಿಯಮ್ಮ, ಇನ್ನೂ ಹೊಡಿ!" ಎಂದು ಕೂಗಿದ. ಅವಳು ಆಕ್ಸಿಲರೇಟರ್ ತುಳಿದಳು. ಕಾರು ಎಳನೀರಿನ ಗಾಡಿಯ ಕಡೆಗೆ ಹಾರಿತು. ಮುನಿರಾಜು ತನ್ನ ಕಡೆಯ ಬ್ರೇಕಿನ ಮೇಲೆ ಎದ್ದು ನಿಂತ. ಒಂದು ಗೇಣು ಉಳಿದಿತ್ತು.

"ಯೋ! ಎಳನೀರು ಬೇಕಾದ್ರೆ ಬಾಯಲ್ಲಿ ಕೇಳ್ರಯ್ಯ!" ಎಂದ ಎಳನೀರಿನವನು, ಕತ್ತಿ ಕೈಯಲ್ಲೇ ಹಿಡಿದು.

ಮುನಿರಾಜು ಅವನಿಗೂ ಬೈದು, ಇವಳ ಕಡೆ ತಿರುಗಿದ. "ತಿರುಗ್ಸು ಅಂದ್ರೆ ನುಗ್ಗಿಸ್ತೀಯಾ? ಕಿವಿ ಎಲ್ಲಿಟ್ಟಿದ್ದೀಯಾ, ಊರಲ್ಲಾ?"

"ತಿರುಗ್ಸು ಅಂತ ಎಲ್ಲಿ ಅಂದ್ರಿ? ಹೊಡಿ ಅಂದ್ರಿ, ಹೊಡದೆ." ಕಲಾವತಿ ಗೇರನ್ನು ನ್ಯೂಟ್ರಲ್ಲಿಗೆ ತಂದಳು. "ನಮ್ಮ ಕಡೆ ಹೊಡಿ ಅಂದ್ರ ಓಡಸು ಅಂತ್ರಿ. ಎತ್ತಿನ ಬಂಡಿ ಹೊಡಿ, ಟ್ರ್ಯಾಕ್ಟರ್ ಹೊಡಿ. ತಿರುಗಸೂದಕ್ಕ ನಾವು ಹೊಳ್ಳಸು ಅಂತೀವಿ."

ಮುನಿರಾಜು ಹಣೆ ಹಣೆ ಬಡಿದುಕೊಂಡ. ಬೆಂಗಳೂರಿನ ಡ್ರೈವರುಗಳಿಗೆ ಲೆಫ್ಟ್ ಹೊಡಿ, ಯೂಟರ್ನ್ ಹೊಡಿ, ಫುಲ್ ಕಟ್ ಹೊಡಿ. ಹೊಡಿ ಎಂದರೆ ಸ್ಟೇರಿಂಗು. ಹಾಗೆ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಆ ಮಾತಿಗೆ ಇನ್ನೊಂದು ಅರ್ಥವಿದ್ದು, ಅದು ಆಕ್ಸಿಲರೇಟರಿನ ಮೇಲೆ ಕೂತಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನದಿಂದ ಅವನು ಹೊಡಿ ಎನ್ನುವುದನ್ನು ಬಿಟ್ಟ. ಅವಳೊಬ್ಬಳ ಮುಂದೆ ಮಾತ್ರ. "ಹೊಳ್ಳಸು! ಹೊಳ್ಳಸು ತಾಯಿ!" ಎಂದು ಕಾರ್ಡ್ ರೋಡಿನ ಸಿಗ್ನಲ್ಲಿನಲ್ಲಿ ಅವನು ಕೂಗುವುದನ್ನು ಕೇಳಿ ಪಕ್ಕದ ಬೈಕಿನವರು ಕತ್ತು ಹೊರಳಿಸಿ ನೋಡುತ್ತಿದ್ದರು. ಮನೆಯಲ್ಲೂ ಬಾಯಿಗೆ ಅದೇ ಬರತೊಡಗಿತು. "ಏನ್ರೀ, ಕೊಪ್ಪಳದಲ್ಲಿ ಸೈಟ್ ಗೀಟ್ ತಗೊಂಡ್ರಾ?" ಎಂದು ಲತಾ ಹಾಸ್ಯ ಮಾಡಿದಳು. ಅವನಿಗೆ ಒಳಗೊಳಗೇ ಹೆಮ್ಮೆ. ಕಲಿಸುವವನು ಕಲಿಯುವವರ ಮಾತಿಗೆ ಇಳಿಯಬೇಕು, ಅದೇ ನಿಜವಾದ ಮೇಷ್ಟ್ರುತನ ಎಂದು ಅಂದುಕೊಂಡ.

ಕಲಾವತಿ ಓಡಿಸುವುದನ್ನು ನೋಡಬೇಕಿತ್ತು. ಸಂಜೆ ಆರಕ್ಕೆ, ಬಸ್ಸು ಆಟೋ ಒಂದರ ಮೇಲೊಂದು ಬೀಳುವ ಹೊತ್ತಿನಲ್ಲಿ, ಮಾಗಡಿ ರಸ್ತೆಯಲ್ಲಿ ಅವಳು ಹಾಲು ತುಂಬಿದ ಪಾತ್ರೆ ಒಯ್ಯುವಂತೆ ಕಾರನ್ನು ಒಯ್ಯುತ್ತಿದ್ದಳು. ಸ್ಕೂಲು ಇಟ್ಟ ಮೇಲೆ ಮೊದಲ ಸಲ ಪಾಠದ ನಡುವೆ ಮುನಿರಾಜುವಿಗೆ ಆಕಳಿಕೆ ಬಂತು. ಗುರುತಿನ ಪಾಠ ಅವಳಿಗೆ ಬೇಕಾಗಲಿಲ್ಲ. ಹಿಂದೆ ತಿರುಗಿ ನೋಡಿ, ಖಾನೆಗೆ ಗಾಡಿಯನ್ನು ಸಲೀಸಾಗಿ ನಿಲ್ಲಿಸುತ್ತಿದ್ದಳು. "ಇವಳು ಫೇಲಾದ್ರೆ ನಾನು ಮೀಸೆ ಬೋಳಿಸ್ತೀನಿ" ಎಂದು ಲತಾಳ ಮುಂದೆ ಹೇಳಿದ.

ಟೆಸ್ಟು ಗುರುವಾರ. ಅದಾದ ಮುಂದಿನ ವಾರದ ಶುಕ್ರವಾರವೇ ಗೋಡೌನಿನ ಗಡುವು. ಊರಾಚೆಯ ಟ್ರ್ಯಾಕಿನಲ್ಲಿ ಬಿಸಿಲಿಗೆ ಸಾಲು ನಿಂತಿತ್ತು. ಇನ್ಸ್‌ಪೆಕ್ಟರ್ ವೆಂಕಟರಮಣಪ್ಪ ಕೈಯಲ್ಲಿ ಪ್ಯಾಡ್ ಹಿಡಿದು ಟ್ರ್ಯಾಕಿನ ನಡುವೆ ನಿಂತಿದ್ದರು. ಕಲಿಸುವವರು ಹಗ್ಗದ ಆಚೆ.

ಅರುಣ್ ಕುಮಾರನ ಸರದಿ ಮೊದಲು. ಕಂಬ, ಕಿಟಕಿ, ಒಂದೂವರೆ ಸುತ್ತು. ಗಾಡಿ ಹಿಂದಕ್ಕೆ ಹೋಗುವಾಗ ಅವನು ಒಮ್ಮೆಯೂ ಹಿಂದೆ ನೋಡಲಿಲ್ಲ. ಪಾಸು. ಇಳಿದು ಬಂದವನೇ, "ಅಣ್ಣ, ಈ ವೈಪರ್ ನಿಲ್ಲಿಸೋದ್ ಹೆಂಗೆ?" ಎಂದ. ಸುಡು ಬಿಸಿಲಿನಲ್ಲಿ ವೈಪರ್ ಟಪ್ ಟಪ್ ಎಂದು ಒಣ ಗಾಜನ್ನು ಒರೆಸುತ್ತಿತ್ತು. ಮುನಿರಾಜು ಹಲ್ಲು ಕಚ್ಚಿದ.

ಕಲಾವತಿ ದಿಣ್ಣೆ ಹತ್ತಿಸಿ ಇಳಿಸಿದಳು. ಖಾನೆಯ ಮುಂದೆ ಬಂದು ಹಿಮ್ಮುಖ ಗೇರಿಗೆ ಹಾಕಿದಳು. ಅರ್ಧ ಒಳಗೆ ಹೋಗಿದ್ದಳು, ಸರಿಯಾಗೇ ಹೋಗುತ್ತಿದ್ದಳು. ವೆಂಕಟರಮಣಪ್ಪನವರಿಗೆ ಊಟದ ಹೊತ್ತು. ಬೇಗ ಮುಗಿಯಲಿ ಎಂದೋ ಏನೋ, ಪ್ಯಾಡಿನಿಂದ ತಲೆಯೆತ್ತಿ ಕೂಗಿದರು: "ಹೊಡಿ, ಹೊಡಿಯಮ್ಮ! ಇನ್ನೂ ಹೊಡಿ!"

ಹಗ್ಗದಾಚೆ ನಿಂತಿದ್ದ ಮುನಿರಾಜುವಿನ ಎಡಗಾಲು ಇಲ್ಲದ ಬ್ರೇಕನ್ನು ತುಳಿಯಿತು. ಕಾರು ಗುರ್ ಎಂದು ಹಿಂದಕ್ಕೆ ಹಾರಿ ಕಬ್ಬಿಣದ ಕಂಬಕ್ಕೆ ಬಡಿಯಿತು. ಕಂಬ ಮಲಗಿತು. ಹಿಂದಿನ ದೀಪದ ಗಾಜು ಉದುರಿತು.

"ಇಳಿ, ಇಳಿ ಕೆಳಗೆ! ಯಾವೂರಮ್ಮ ನಿಂದು? ಕನ್ನಡ ಬರಲ್ವಾ?" ಎಂದರು ವೆಂಕಟರಮಣಪ್ಪ. ಸಾಲಿನಲ್ಲಿದ್ದ ಹುಡುಗರು ನಕ್ಕರು. ಅರುಣನೂ ನಕ್ಕ.

"ಬರ್ತೈತ್ರಿ" ಎಂದಳು ಕಲಾವತಿ.

ಮುನಿರಾಜು ಹಗ್ಗ ದಾಟಿದ್ದ. "ಸಾರ್, ಅವಳ ಕನ್ನಡಕ್ಕೇನ್ ಸಾರ್ ಆಗಿದೆ? ನೀವು ಹೊಡಿ ಅಂದ್ರಿ, ಅವಳು ಹೊಡೆದ್ಲು. ಅವರ ಕಡೆ ಹೊಡಿ ಅಂದ್ರೆ ಓಡಿಸು ಅಂತ!"

"ಏನಯ್ಯ, ಒಬ್ಬೊಬ್ಬರ ಊರಿನ ಮಾತು ಕಲಿತು ಟೆಸ್ಟ್ ಮಾಡ್ಲಾ ನಾನು? ಗಾಡಿ ಕಂಬಕ್ಕೆ ಗುದ್ದಿದೆ. ಫೇಲು."

"ಈಗ ಪಾಸು ಮಾಡಿದ್ರಲ್ಲ ಸಾರ್, ಆ ನನ್ಮಗನಿಗೆ ವೈಪರ್ ನಿಲ್ಲಿಸಕ್ಕೆ ಬರಲ್ಲ! ನಾಳೆ ಯಾರ ಮನೆ ಮಗೂನ ತುಳಿತಾನೋ! ಇವಳು ಮಾಗಡಿ ರೋಡಲ್ಲಿ ನಿಮ್ಮನ್ನ ನಿದ್ದೆ ಮಾಡಿಸ್ಕೊಂಡು ಕರ್ಕೊಂಡು ಹೋಗ್ತಾಳೆ!"

"ಹೋಗಯ್ಯ ಆಚೆ."

ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಾಗಿತ್ತು. ಮುನಿರಾಜುವಿಗೆ ನಿಲ್ಲಿಸುವ ಅಭ್ಯಾಸವಿಲ್ಲ. ಇನ್ಸ್‌ಪೆಕ್ಟರ್ ಪ್ಯಾಡಿನ ಮೇಲೆ ಫೇಲು ಎಂದು ಬರೆಯುತ್ತಿದ್ದ ಹಾಗೆಯೇ ಅದನ್ನು ಕಿತ್ತು ನೆಲಕ್ಕೆ ಬಡಿದ. ಹಾಳೆಗಳು ಟ್ರ್ಯಾಕಿನ ತುಂಬ ಹಾರಿದವು.

ವೆಂಕಟರಮಣಪ್ಪ ಕೂಗಾಡಲಿಲ್ಲ. ಒಂದೊಂದೇ ಹಾಳೆ ಆರಿಸಿ ತಂದುಕೊಟ್ಟ ಗೇಟಿನ ಗಾರ್ಡ್‌ಗೆ ಹೇಳಿದರು: "ಈ ಬಿಳಿ ಕಾರು ಇನ್ಮೇಲೆ ಗೇಟೊಳಗೆ ಬರಂಗಿಲ್ಲ. ಇವನು ಕೈಯಾರೆ ಕ್ಷಮಾಪಣೆ ಬರೆದು ಕೊಟ್ಟ ಮೇಲೆ ನೋಡೋಣ."

ದಾರಿಯುದ್ದಕ್ಕೂ ಮುನಿರಾಜು ಬೈದ. ಇನ್ಸ್‌ಪೆಕ್ಟರಿಗೆ, ಕಂಬ ನೆಟ್ಟವನಿಗೆ, ಅರುಣನನ್ನು ಹೆತ್ತವರಿಗೆ. ಕಲಾವತಿ ಹಿಂದಿನ ಸೀಟಿನಲ್ಲಿ ಗಡುವಿಗೆ ಉಳಿದ ದಿನ ಎಣಿಸುತ್ತಿದ್ದಳು. ಸ್ಕೂಲಿನ ಕೋಣೆಗೆ ಬಂದ ಮೇಲೂ ಅವನದ್ದು ಮುಗಿಯಲಿಲ್ಲ. "ನಾನು ಬಿಡಲ್ಲ ಕಣಮ್ಮ. ಮೇಲಿನವರಿಗೆ ಕಂಪ್ಲೇಂಟ್ ಬರೀತೀನಿ. ಪೇಪರಿನವರನ್ನ ಕರೆಸ್ತೀನಿ. ನಿನಗೋಸ್ಕರ ಅವನ ಗ್ರಹಚಾರ ಬಿಡಿಸ್ತೀನಿ."

"ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ" ಎಂದಳು ಕಲಾವತಿ.

ಪೆನ್ನಿಗಾಗಿ ಮೇಜು ತಡಕುತ್ತಿದ್ದ ಮುನಿರಾಜು ತಲೆಯೆತ್ತಿದ.

"ಎಂಟು ದಿನಕ್ಕ ಇನ್ನೊಂದು ಟೆಸ್ಟ್ ಕೊಡಬಹುದಿತ್ತ್ರಿ. ಗಡುವಿನ ದಿನಾನ ಆಕ್ಕಿತ್ತು, ಆದ್ರೂ ಐದರೊಳಗ ಮುಟ್ಟತಿದ್ದೆ. ಈಗ ಗಾಡಿನ ಒಳಗ ಬಿಡಂಗಿಲ್ಲ. ಯಾರ ಸಲುವಾಗಿ ಜಗಳಾ ಆಡಿದ್ರಿ ನೀವು? ನನ್ನ ಸಲುವಾಗಿ ಅಲ್ಲ. ನಿಮ್ಮ ಸಿಟ್ಟಿಗೆ ಜಾಗ ಬೇಕಿತ್ತು, ನಾನು ಸಿಕ್ಕೆ."

"ಏಯ್, ಅವನು ನಿಂಗೆ ಕನ್ನಡ ಬರಲ್ವಾ ಅಂದ..."

"ನನಗ ಅಂದಾನ. ನಾನು ಉತ್ತರ ಕೊಟ್ಟೀನಿ." ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ನೀವು ನನ್ನ ಮಾತು ಕಲಿತ್ರಿ ಸರ. ಚಲೋ ಅನಸ್ತು. ಖರೆ ಹೇಳ್ತೀನಿ, ಈ ಊರಾಗ ಯಾರೂ ಹಂಗ ಮಾಡಿಲ್ಲ. ಆದ್ರ ನೀವು ನಿಮ್ಮ ಮಾತು ನನಗ ಕಲಸಬೇಕಿತ್ತು. ಹೊಡಿ ಅಂದ್ರ ಇಲ್ಲಿ ಏನಂತ ನನ್ನ ತಲಿಗೆ ಗೊತ್ತಿತ್ತು. ಕಾಲಿಗೆ ಗೊತ್ತಿರ್ಲಿಲ್ಲ."

ಮುನಿರಾಜು ಕುರ್ಚಿಯನ್ನು ಒದ್ದು ಹೊರಗೆ ಹೋದ. ಬೀಡಾ ಅಂಗಡಿಯ ಹತ್ತಿರ ಹೋಗಿ ಅಂಗಡಿಯವನಿಗೆ ಸುಣ್ಣ ಜಾಸ್ತಿ ಹಾಕಿದ್ದೀಯಾ ಎಂದು ಬೈದ. ಅವನಿನ್ನೂ ಬೀಡಾ ಕಟ್ಟಿಯೇ ಇರಲಿಲ್ಲ. ವಾಪಸು ಬಂದಾಗ ಕಲಾವತಿ ಹೋಗಿದ್ದಳು. ಲತಾ ಮೊಬೈಲಿನಲ್ಲಿ ಮುಂದಿನ ಶುಕ್ರವಾರಕ್ಕೆ ಟೆಸ್ಟ್ ಬುಕ್ ಮಾಡಿ ಮುಗಿಸಿದ್ದಳು.

"ಯಾವ ಗಾಡಿಯಲ್ಲಿ ಕೊಡ್ತಾಳಂತೆ?" ಎಂದ.

"ಆಗ್ಲೇ ನಾಲ್ಕು ಸ್ಕೂಲಿಗೆ ಫೋನ್ ಮಾಡ್ದೆ. ಇನ್ಸ್‌ಪೆಕ್ಟರ್ ಹತ್ರ ಜಗಳ ಆಡಿದವರ ಕೇಸು ನಮಗೆ ಬೇಡ ಅಂತಾರೆ. ನಿಮ್ಮ ಗಾಡೀನೇ ಆಗ್ಬೇಕು. ಕ್ಷಮಾಪಣೆ ನಾನ್ ಬರೆದು ಕೊಡ್ತೀನಿ, ನೀವು ಸಹಿ ಹಾಕಿ ಸಾಕು."

"ತಪ್ಪು ಮಾಡಿದ್ದು ಅವನು. ಕ್ಷಮೆ ನಾನ್ ಕೇಳ್ಬೇಕಾ?"

"ಪ್ಯಾಡ್ ಬಿಸಾಕಿದ್ದು ಅವರಾ?"

ಅವನು ಒದ್ದು ಬೀಳಿಸಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತ. ಅವನ ಸಿಟ್ಟು ಇನ್ಸ್‌ಪೆಕ್ಟರನ್ನು ಬಿಟ್ಟು ಅವನ ಕಡೆಗೇ ತಿರುಗಿತು. ಯಾರು ಏನೆಂದು ಕಲಿಸಿದರೂ ರಸ್ತೆಗೆ ಇಳಿದ ಮೇಲೆ ರಸ್ತೆಯ ಮಾತೇ ಕೇಳಿಸುವುದು. ಬಸ್ಸಿನವನು, ಟ್ರಾಫಿಕ್ ಪೊಲೀಸಿನವನು, ಪಾರ್ಕಿಂಗಿನಲ್ಲಿ ಸೀಟಿ ಊದುವವನು, ಎಲ್ಲರೂ ಹೊಡಿ ಹೊಡಿ ಎಂದೇ ಕೂಗುತ್ತಾರೆ. ಅದನ್ನು ಅವಳಿಂದ ಬಚ್ಚಿಟ್ಟು ತಾನು ದೊಡ್ಡ ಮೇಷ್ಟ್ರು ಎಂದುಕೊಂಡಿದ್ದ. ಕಂಬ ತೋರಿಸಿ ಪಾಸು ಮಾಡಿಸುವವರಿಗೂ ತನಗೂ ಏನು ವ್ಯತ್ಯಾಸ?

ಶನಿವಾರ ಬೆಳಗ್ಗೆ ಕಲಾವತಿ ಬಂದಳು. ಅವನು ನಮಸ್ಕಾರ ಕೂಡ ಹೇಳಲಿಲ್ಲ. ಜ್ಞಾನಭಾರತಿಯ ಒಳಗಿನ ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ ಶುರು ಮಾಡಿದ. "ಹೊಡಿ! ಎಡಕ್ಕೆ ಹೊಡಿ! ವಾಪಸ್ ಹೊಡಿ! ಕಾಲು ಯಾಕಮ್ಮ ಅಲ್ಲಾಡ್ತು? ಕೈ, ಕೈ! ಹೊಡಿಯೋದು ಕೈಲಿ ಕಣಮ್ಮ, ಕಾಲಲ್ಲಲ್ಲ!" ಮೊದಲ ದಿನ ಹತ್ತು ಸಲ ಅವಳ ಕಾಲು ಮುಂದಾಯಿತು. ಎರಡನೇ ದಿನ ನಾಲ್ಕು ಸಲ. ಅವಳು ಟ್ರ್ಯಾಕ್ಟರಿನ ಮೇಲೆ ಕೂತಾಗಿನಿಂದ ಕಾಲಿಗೆ ಅಂಟಿಕೊಂಡಿದ್ದ ಮಾತದು, ಸುಲಭಕ್ಕೆ ಬಿಡುತ್ತದೆಯೇ? ಗೋಡೌನಿಗೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ. ಬುಧವಾರ ಅವನು ಸರ್ಕಲ್ಲಿನ ನಡುವೆ, ಬಸ್ಸು ಎದುರಿಗೆ ಬರುವಾಗ, ಕಿವಿಯ ಹತ್ತಿರ "ಹೊಡೀ!" ಎಂದು ಕಿರುಚಿದ. ಕಾರು ಮೆತ್ತಗೆ ಎಡಕ್ಕೆ ತಿರುಗಿತು. ಕಲಾವತಿ ಅವನ ಕಡೆ ನೋಡದೆ, "ಇಷ್ಟ್ಯಾಕ ಒದರ್ತೀರಿ, ನಾನೇನು ಕಿವುಡಿ ಏನು?" ಎಂದಳು.

ಆದರೆ ಕ್ಷಮಾಪಣೆ ಬರೆದಿರಲಿಲ್ಲ. ಲತಾ ದುಂಡಗೆ ಬರೆದಿಟ್ಟಿದ್ದನ್ನು ಅವನು ಹರಿದು ಹಾಕಿದ್ದ. "ನಾನ್ ಮಾಡಿದ್ದಕ್ಕೆ ನೀನ್ ಯಾಕೆ ಕೇಳ್ತೀಯಾ?" ಎಂದಿದ್ದ. ತಾನೇ ಬರೆಯಲು ಕೂತರೆ ಪೆನ್ನು ಹಾಳೆ ತೂತು ಮಾಡುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಗಾರ್ಡ್ ಗೇಟಿಗೆ ಅಡ್ಡ ನಿಂತ. "ಈ ಗಾಡಿ ಬಿಡಂಗಿಲ್ಲ ಅಣ್ಣ. 'ಕಾಗದ ಎಲ್ಲಿ' ಅಂದವ್ರೆ ಸಾಹೇಬ್ರು."

ಕಲಾವತಿ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಬ್ಯಾಗಿನಿಂದ ಒಂದು ಹಾಳೆ, ಒಂದು ಪೆನ್ನು ತೆಗೆದು ಅವನ ಕೈಗೆ ಕೊಟ್ಟಳು. "ಬರೀರಿ ಸರ. ನನ್ನ ನಂಬರು ಇಪ್ಪತ್ತಾರು. ಈಗ ಇಪ್ಪತ್ತೆರಡು ನಡದೈತಿ."

ಮುನಿರಾಜು ಇಳಿದ. ಬಿಸಿಯಾಗಿದ್ದ ಬಾನೆಟ್ಟಿನ ಮೇಲೆ ಹಾಳೆ ಇಟ್ಟ. ಕೈ ಸುಡುತ್ತಿತ್ತು. ಬೇರೆ ಸ್ಕೂಲಿನವರು ಸುತ್ತ ನಿಂತು ನೋಡುತ್ತಿದ್ದರು, ಕೆಲವರು ನಗುತ್ತಿದ್ದರು. ಒಂದು ಸಾಲು ಬರೆದ, ಹೊಡೆದು ಹಾಕಿದ. ಇನ್ನೊಂದು ಬರೆದ. "ಪ್ಯಾಡು ಬಿಸಾಕಿದ್ದು ನಂದು ತಪ್ಪು" ಎಂದು ಬರೆದು, "ಹೇಳಿದ ಮಾತು ತಪ್ಪಲ್ಲ" ಎಂದು ಸೇರಿಸಿ, ಕಲಾವತಿ ಗಾಜಿನ ಒಳಗಿನಿಂದಲೇ ನೋಡುತ್ತಿದ್ದದ್ದರಿಂದ ಎರಡನೆಯದರ ಮೇಲೆ ಗೆರೆ ಎಳೆದ. ಕೆಳಗೆ ಕ್ಷಮೆ ಕೇಳಿ ಎರಡು ಪದ ಗೀಚಿ, ಸಹಿ ಹಾಕಿ ಗಾರ್ಡ್ ಕೈಗೆ ತುರುಕಿದ. ಗಾರ್ಡ್ ಒಳಗೆ ಹೋಗಿ ಬಂದು, ಕಾರನ್ನು ಬಿಟ್ಟು, ಮುನಿರಾಜುವಿನ ಎದೆಗೆ ಕೈ ಅಡ್ಡ ಇಟ್ಟ. "ಗಾಡಿ ಮಾತ್ರ. ನೀವಲ್ಲ."

ಹೀಗಾಗಿ ಅವನು ಆ ಟೆಸ್ಟನ್ನು ನೋಡಿದ್ದು ತಂತಿಬೇಲಿಯ ಹೊರಗಿನಿಂದ, ತೂತಿಗೆ ಮೂಗು ಒತ್ತಿಕೊಂಡು.

ದಿಣ್ಣೆ ಆಯಿತು. ಕಾರು ಖಾನೆಯ ಮುಂದೆ ಬಂತು. ವೆಂಕಟರಮಣಪ್ಪ ಈ ಸಲ ಬಾಯಿ ಬಿಡಲಿಲ್ಲ. ಸಾಲಿನಲ್ಲಿದ್ದವರ ಕಡೆ ನೋಡಿ ಸಣ್ಣಗೆ ನಕ್ಕು, ಕಿವುಡರಿಗೆ ತೋರಿಸುವ ಹಾಗೆ ಎರಡೂ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದರು. ಹುಡುಗರು ಕಿಸಕ್ಕೆಂದರು. ಮುನಿರಾಜು ಎರಡೂ ಕೈಯಲ್ಲಿ ತಂತಿಯನ್ನು ಹಿಡಿದುಕೊಂಡ. ಬೈಗುಳ ಗಂಟಲಿಗೆ ಬಂತು. ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡ.

ಕಾರು ನಿಂತಿತು. ಕಲಾವತಿ ತಲೆ ಹೊರಗೆ ಹಾಕಿದಳು.

"ಯಾಕಮ್ಮ ನಿಲ್ಸಿದೆ?"

"ಬಾಯಿಲೆ ಹೇಳ್ರಿ ಸರ."

"ಏನು?"

"ಗಾಡಿ ಹಿಂದ ಹೊಂಟೈತಿ. ನಾ ಹಿಂದ ನೋಡ್ಲೋ, ನಿಮ್ಮ ಕೈ ನೋಡ್ಲೋ? ಎಲ್ಲಾರಿಗೂ ಹೆಂಗ ಹೇಳ್ತೀರಿ, ನನಗೂ ಹಂಗ ಹೇಳ್ರಿ. ನನಗ ಕನ್ನಡ ಬರ್ತೈತಿ ಅಂತ ಅವತ್ತ ಹೇಳೇನಿ."

ಸಾಲಿನಲ್ಲಿ ಯಾರೂ ನಗಲಿಲ್ಲ. ವೆಂಕಟರಮಣಪ್ಪ ಕೈ ಇಳಿಸಿದರು. ಆಮೇಲೆ ಕಲ್ಲು ಎಸೆದ ಹಾಗೆ ಎಸೆದರು: "ಬಲಕ್ಕೆ ಹೊಡಿ!"

ಅವಳು ಬಲಕ್ಕೆ ತಿರುಗಿಸಿದಳು.

"ಹೊಡಿ, ಹೊಡಿ, ಫುಲ್ ಹೊಡಿ! ವಾಪಸ್ ಹೊಡಿ!" ಬೇಕೆಂದೇ ಜೋರು ಜೋರಾಗಿ, ಒಂದರ ಮೇಲೊಂದು. ಕಾರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಖಾನೆಯೊಳಗೆ ಇಳಿದು, ಎರಡೂ ಕಡೆ ಸಮವಾಗಿ ಜಾಗ ಬಿಟ್ಟು ನಿಂತಿತು. ಅವಳು ಪೂರ್ತಿ ಹೊತ್ತೂ ಹಿಂದೆಯೇ ನೋಡುತ್ತಿದ್ದಳು.

ಪಾಸಾದ ಕಾಗದ ಕೈಗೆ ಬರುವಷ್ಟರಲ್ಲಿ ನಾಲ್ಕು ದಾಟಿತ್ತು. ಅವಳು ಕಾರನ್ನು ಗೇಟಿನ ಹೊರಗೆ ತಂದು, ಎಂಜಿನ್ ಆಫ್ ಮಾಡದೆ ನಿಲ್ಲಿಸಿದಳು. ಮುನಿರಾಜು ಕಿಟಕಿಗೆ ಬಗ್ಗಿದ. "ಇಂಡಿಕೇಟರ್ ಇನ್ನೂ ಉರೀತಾ ಇದೆ, ಆರಿಸು" ಎಂದ.

ಅಷ್ಟರಲ್ಲಿ ವೆಂಕಟರಮಣಪ್ಪ ಗೇಟಿನ ಹತ್ತಿರ ಬಂದರು, ಕೈಯಲ್ಲಿ ಆ ಹಾಳೆ. "ಏನಯ್ಯ ಮುನಿರಾಜು, 'ಶಮೆ ಇರಲಿ' ಅಂತ ಬರೆದಿದ್ದೀಯಲ್ಲ, ಯಾರಯ್ಯ ಅದು ಶಮೆ? ಕ್ಷಮೆಗೆ ಕ್ಷ ಹಾಕಕ್ಕೆ ಬರಲ್ಲ, ನಂಗೆ ಕನ್ನಡದ ಅರ್ಥ ಹೇಳಕ್ಕೆ ಬಂದಿದ್ದೆ!"

ಸುತ್ತಲಿದ್ದವರು ಹೋ ಎಂದರು. ಮುನಿರಾಜು ತೋಳು ಮಡಚುತ್ತಾ ಗೇಟಿನ ಕಡೆ ತಿರುಗಿದ.

"ಸರ, ನಾಲ್ಕೂ ಹತ್ತಾತು" ಎಂದಳು ಕಲಾವತಿ. "ನಾ ಹೊಂಟೆ. ಬರೂದಿದ್ರ ಹತ್ರಿ."

"ಎಲ್ಲಿಗ್ ಹೋಗ್ತೀಯಾ ಒಬ್ಳೇ? ಕಾರ್ಡು ಕೈಗೆ ಬರೋ ತನಕ ಪಕ್ಕದಲ್ಲಿ ಲೈಸೆನ್ಸ್ ಇರೋನು ಕೂರ್ಬೇಕು. ಕಾನೂನು ಗೊತ್ತಿಲ್ವಾ ನಿಂಗೆ?"

"ಗೊತ್ತೈತಿ. ಅದಕ್ಕ ಹತ್ರಿ ಅಂದಿದ್ದು."

ಮುನಿರಾಜು ಗೇಟು ನೋಡಿದ, ಕಾರು ನೋಡಿದ. ಆಮೇಲೆ ಬಾಗಿಲನ್ನು ಕಿತ್ತು ಬರುವ ಹಾಗೆ ತೆಗೆದು, ಕೂತು, ಧಡ್ ಎಂದು ಹಾಕಿಕೊಂಡ. ಅಲ್ಲಿಂದ ಸುಮನಹಳ್ಳಿಯವರೆಗೆ ಬಾಯಿ ಮುಚ್ಚಲಿಲ್ಲ. ಇನ್ಸ್‌ಪೆಕ್ಟರಿಗೆ, ಅವನಿಗೆ ಅಕ್ಷರ ಕಲಿಸಿದವರಿಗೆ, ಅಡ್ಡ ಬಂದ ಡೆಲಿವರಿ ಹುಡುಗರಿಗೆ, ಕೆಂಪು ಬಿಟ್ಟು ಹಸಿರಾಗದ ಸಿಗ್ನಲ್ಲಿಗೆ. ಕಲಾವತಿ ಎಲ್ಲವನ್ನೂ ರಸ್ತೆಯ ಗದ್ದಲದಂತೆ ಕೇಳಿಸಿಕೊಂಡಳು. ಒಂದು ಸಲ ಮಾತ್ರ, "ಎಡಗಡೆ ಬಸ್ ಬಂತೇನು ನೋಡ್ರಿ" ಎಂದಳು. ಅವನು ಬೈಗುಳದ ನಡುವೆಯೇ ನೋಡಿ, "ಇಲ್ಲ, ಹೋಗು" ಎಂದು ಹೇಳಿ, ಬಿಟ್ಟಲ್ಲಿಂದ ಮುಂದುವರಿಸಿದ.

ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಗೋಡೌನಿನ ಮುಂದೆ ಕಾರು ನಿಂತಿತು. ಅವಳು ಕಾಗದ ಹಿಡಿದು ಇಳಿದು ಓಡಿದಳು. ಚಪ್ಪಲಿ ಒಂದು ಕಳಚಿತು, ತಿರುಗಿ ನೋಡಲಿಲ್ಲ.

"ಏಯ್, ಹ್ಯಾಂಡ್ ಬ್ರೇಕ್ ಯಾರಮ್ಮ ಹಾಕ್ತಾರೆ? ನಿಮ್ಮಪ್ಪನಾ?" ಎಂದು ಮುನಿರಾಜು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಅವಳು ಗೇಟು ದಾಟಿ ಆಗಿತ್ತು.